ಬೇರೆ ಬೇರೆ ಊರು, ಒಂದೇ ಭಜನೆ

ನಮ್ಮದು ಜವಳಿ ವ್ಯಾಪಾರದ ಮನೆ. ಅಕ್ಕಲಕೋಟೆಯ ನಮ್ಮ ಅಂಗಡಿಗೆ ಬರುವ ಸೋಲಾಪುರದ ಒಂದು ಚಾದರವನ್ನೇ ತೆಗೆದುಕೊಳ್ಳಿ. ನೂಲು ತೆಗೆದವರು ಒಬ್ಬರು, ಬಣ್ಣ ಹಾಕಿದವರು ಇನ್ನೊಬ್ಬರು, ಮಗ್ಗದ ಮೇಲೆ ನೇಯ್ದವರು ಮತ್ತೊಬ್ಬರು, ಅಂಚು ಹೊಲಿದವರು ಬೇರೊಬ್ಬರು. ಇವರಲ್ಲಿ ಅನೇಕರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಗಿರಾಕಿ ಅದನ್ನು ಬಿಡಿಸಿ ನೋಡುವಾಗ ಒಂದೇ ಕೈ ಮಾಡಿದಂತೆ ಕಾಣುತ್ತದೆ. ಹಿಂದಿನ ಕಾಲದ ಹುಂಡಿಯೂ ಹಾಗೆಯೇ. ಒಂದು ಪೇಟೆಯಲ್ಲಿ ಬರೆದ ಕಾಗದಕ್ಕೆ ಬೇರೊಂದು ಪೇಟೆಯಲ್ಲಿ ಹಣ ಸಿಗುತ್ತಿತ್ತು. ಬರೆದವರೂ ಕೊಟ್ಟವರೂ ಎದುರುಬದುರು ಕೂಡಲೇಬೇಕೆಂದು ಇರಲಿಲ್ಲ. ದೂರದಲ್ಲಿದ್ದುಕೊಂಡು ಕೂಡಿ ಕೆಲಸ ಮಾಡುವುದು ವ್ಯಾಪಾರಸ್ಥರಾದ ನಮಗೆ ಹೊಸದೇನಲ್ಲ.

ಆದರೆ ಭಜನೆಯ ಮಾತು ಬೇರೆ. ಭಜನೆ ಎಂದರೆ ಒಂದೇ ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಹಾಡುವುದು. ಪೇಟಿ ನುಡಿಸುವವರು ತಬಲಾದವರ ಕಡೆ ಒಮ್ಮೆ ನೋಡಿದರೆ ಸಾಕು, ಲಯ ಏರಬೇಕೋ ಇಳಿಯಬೇಕೋ ತಿಳಿಯುತ್ತದೆ. ಇಂಥ ಕೆಲಸವನ್ನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ ಕುಳಿತು ಮಾಡಬಹುದೇ? ಒಬ್ಬರು ನುಡಿಸಿ ಕಳುಹಿಸಿದ್ದಕ್ಕೆ ಇನ್ನೊಬ್ಬರು ತಮ್ಮ ಭಾಗ ಸೇರಿಸಿ, ಅದಕ್ಕೆ ಮೂರನೆಯವರು ದನಿಗೂಡಿಸಿ, ಕೊನೆಗೆ ಅದು ಒಂದೇ ಹಾಡಾಗಬಹುದೇ? ಆಗಬಹುದು. ನಮ್ಮ ತವರುಮನೆಯಲ್ಲಿ 2020ರಲ್ಲಿ ಅದು ಆಯಿತು. ಆ ಸಂಗತಿಯನ್ನು ಹೇಳುವ ಮೊದಲು, ಈ ವಿದ್ಯೆ ಜಗತ್ತಿನಲ್ಲಿ ಹೇಗೆ ಬೆಳೆಯಿತೆಂಬುದನ್ನು ನನ್ನ ಮಗನಿಂದಲೂ ಪುಸ್ತಕಗಳಿಂದಲೂ ತಿಳಿದುಕೊಂಡಷ್ಟು ಹೇಳುತ್ತೇನೆ. ನಮ್ಮ ಮಕ್ಕಳು ಮೊಬೈಲ್ ಹಿಡಿದು ಮಾಡುವುದೆಲ್ಲ ಹಾಳುಹರಟೆ ಎಂದು ತಿಳಿದಿರುವ ಹಿರಿಯರಿಗೂ ಇದರಿಂದ ಸ್ವಲ್ಪ ಸಮಾಧಾನವಾದೀತು.

ತನ್ನ ಜತೆಗೆ ತಾನೇ ನುಡಿಸಿದವರು

1941ರಲ್ಲಿ ಅಮೆರಿಕೆಯ ಸಿಡ್ನಿ ಬೆಶೆ ಎಂಬ ವಾದಕರು ಒಂದು ವಿಚಿತ್ರ ಧ್ವನಿಮುದ್ರಿಕೆ ಮಾಡಿದರು. ಕ್ಲಾರಿನೆಟ್, ಎರಡು ಬಗೆಯ ಸ್ಯಾಕ್ಸೋಫೋನ್, ಪಿಯಾನೊ, ಬಾಸ್, ಡ್ರಮ್ ಹೀಗೆ ಆರು ವಾದ್ಯಗಳು ಅದರಲ್ಲಿವೆ. ಆರನ್ನೂ ನುಡಿಸಿದವರು ಅವರೊಬ್ಬರೇ. ಒಂದು ವಾದ್ಯವನ್ನು ತಟ್ಟೆಯ ಮೇಲೆ ಮುದ್ರಿಸಿ, ಅದನ್ನು ಕೇಳುತ್ತ ಎರಡನೆಯದನ್ನು ನುಡಿಸಿ, ಎರಡನ್ನೂ ಸೇರಿಸಿ ಹೊಸ ತಟ್ಟೆಯ ಮೇಲೆ ಮುದ್ರಿಸುತ್ತ ಹೋಗಬೇಕು. ಕೊನೆಯ ವಾದ್ಯದಲ್ಲಿ ಒಂದು ಸ್ವರ ತಪ್ಪಿದರೂ ಹಿಂದಿನದಕ್ಕೆ ಹೋಗಿ ಮತ್ತೆ ಮಾಡಬೇಕು.

ಇದೇ ದಾರಿಯನ್ನು ಹಿಡಿದು ಮುಂದೆ ಹೋದವರು ಗಿಟಾರ್ ವಾದಕ ಲೆಸ್ ಪಾಲ್. 1948ರಲ್ಲಿ ಅವರು ತಮ್ಮ ಮನೆಯಲ್ಲೇ ಹೀಗೆ ಗಿಟಾರಿನ ಮೇಲೆ ಗಿಟಾರ್ ಸೇರಿಸಿ ಮಾಡಿದ ಹಾಡು ಹೊರಬಂತು. ಆ ಪದ್ಧತಿಯಲ್ಲಿ ಒಂದು ತೊಂದರೆ. ಪ್ರತಿ ಸಾರಿ ನಕಲು ಇಳಿಸಿದಾಗಲೂ ಮೊದಲು ನುಡಿಸಿದ್ದು ಸ್ವಲ್ಪ ಮಸುಕಾಗುತ್ತದೆ, ಪ್ರತಿಯ ಮೇಲೆ ಪ್ರತಿ ತೆಗೆದ ಜೆರಾಕ್ಸ್ ಕಾಗದದಂತೆ. ಆದ್ದರಿಂದ ಹಿನ್ನೆಲೆಯ ಭಾಗಗಳನ್ನು ಮೊದಲು ನುಡಿಸಿ, ಎದ್ದು ಕೇಳಬೇಕಾದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕಾಗಿತ್ತು. 1951ರಲ್ಲಿ ಅವರೂ ಅವರ ಪತ್ನಿ ಮೇರಿ ಫೋರ್ಡ್ ಅವರೂ ಸೇರಿ ಮಾಡಿದ 'ಹೌ ಹೈ ದ ಮೂನ್' ಎಂಬ ಹಾಡು ಅಲ್ಲಿ ಮನೆಮಾತಾಯಿತು. ಅದರಲ್ಲಿ ಹಲವು ಹೆಂಗಸರು ಕೂಡಿ ಹಾಡಿದಂತೆ ಕೇಳುತ್ತದೆ, ಆದರೆ ಎಲ್ಲವೂ ಮೇರಿ ಫೋರ್ಡ್ ಒಬ್ಬರದೇ ಕಂಠ. 1957ರಲ್ಲಿ ಆಂಪೆಕ್ಸ್ ಕಂಪನಿ ಲೆಸ್ ಪಾಲ್ ಅವರಿಗೆ ಎಂಟು ದಾರಿಯ ಟೇಪ್ ಯಂತ್ರವನ್ನು ಮಾಡಿಕೊಟ್ಟಿತು. ಒಂದೇ ಪಟ್ಟಿಯ ಮೇಲೆ ಎಂಟು ಧ್ವನಿಗಳು ಒಂದರ ಪಕ್ಕ ಒಂದು, ನಮ್ಮ ಖಾತೆ ಪುಸ್ತಕದ ಕಾಲಮುಗಳಂತೆ. ಒಂದು ಕಾಲಮನ್ನು ಅಳಿಸಿ ಬರೆದರೆ ಪಕ್ಕದ್ದಕ್ಕೆ ಏನೂ ಆಗುವುದಿಲ್ಲ.

1979ರಲ್ಲಿ ಜಪಾನಿನ ಟಾಸ್ಕಾಮ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿ ಮುದ್ರಿಸುವ ಯಂತ್ರವನ್ನು ಪೇಟೆಗೆ ತಂದ ಮೇಲೆ ಈ ವಿದ್ಯೆ ದೊಡ್ಡ ಸ್ಟುಡಿಯೋ ಬಿಟ್ಟು ಮನೆಯ ಕೋಣೆಗೆ ಬಂತು.

ನಮ್ಮ ದೇಶದ ಮಾತು ಹೇಳುವುದಾದರೆ, ಹಿಂದೆ ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳ ಹಾಡು ಮುದ್ರಿಸುವಾಗ ಗಾಯಕರೂ ವಾದ್ಯದವರೂ ಒಟ್ಟಿಗೆ ನಿಂತು ಹಾಡಿ ನುಡಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಈಗ ಹಾಗಿಲ್ಲ. ಯುಗಳಗೀತೆ ಹಾಡಿದ ಇಬ್ಬರು ಆ ಹಾಡಿಗಾಗಿ ಭೇಟಿಯಾಗದೆಯೂ ಇರಬಹುದು. ದೂರದರ್ಶನದಲ್ಲಿ 1988ರಿಂದ ಬರುತ್ತಿದ್ದ 'ಮಿಲೇ ಸುರ್ ಮೇರಾ ತುಮ್ಹಾರಾ' ನಮ್ಮ ವಾಚಕರಿಗೆಲ್ಲ ನೆನಪಿರಬೇಕು. ನಮ್ಮ ಗದಗ ಸೀಮೆಯ ಪಂಡಿತ ಭೀಮಸೇನ ಜೋಶಿಯವರು, ಬಾಲಮುರಳಿಕೃಷ್ಣ ಅವರು, ಲತಾ ಮಂಗೇಶ್ಕರ್ ಅವರು ಒಂದೇ ಹಾಡಿನಲ್ಲಿ ಬರುತ್ತಾರೆ. ಬೇರೆ ಬೇರೆ ಭಾಗಗಳನ್ನು ಜೋಡಿಸಿ ಮಾಡಿದ ಆ ಹಾಡು ದೇಶವೇ ಒಂದು ಕಡೆ ಕುಳಿತು ಹಾಡಿದಂತೆ ನಮಗೆ ಕೇಳಿಸಿತು.

ಅಂಚೆಯಲ್ಲಿ ಹೋದ ಹಾಡು

ಅಂಚೆಯ ಮೂಲಕವೇ ಒಂದು ಇಡೀ ಹಾಡಿನ ಸಂಪುಟ ತಯಾರಾದ ಕಥೆ ಇನ್ನೂ ಸ್ವಾರಸ್ಯಕರ. ಜಿಮ್ಮಿ ಟ್ಯಾಂಬೊರೆಲ್ಲೊ ಎಂಬವರು ಲಾಸ್ ಏಂಜಲೀಸಿನಲ್ಲಿ, ಬೆನ್ ಗಿಬ್ಬರ್ಡ್ ಎಂಬವರು ಸಿಯಾಟಲ್‌ನಲ್ಲಿ. ಮೊದಲನೆಯವರು ವಾದ್ಯದ ಭಾಗ ಮಾಡಿ ಅಂಚೆಯಲ್ಲಿ ಹಾಕುವರು. ಎರಡನೆಯವರು ಅದಕ್ಕೆ ಸಾಹಿತ್ಯ ಬರೆದು, ಹಾಡಿ, ತಿದ್ದಿ ಹಿಂದೆ ಕಳುಹಿಸುವರು. ಹೀಗೆ ತಿಂಗಳುಗಟ್ಟಲೆ ನಡೆಯಿತು. 2003ರ ಫೆಬ್ರವರಿಯಲ್ಲಿ ಆ ಸಂಪುಟ ಹೊರಬಂದಾಗ, ಅಂಚೆಯ ಉಪಕಾರ ನೆನೆದು ತಮ್ಮ ಜೋಡಿಗೆ 'ದ ಪೋಸ್ಟಲ್ ಸರ್ವಿಸ್' ಎಂದೇ ಹೆಸರಿಟ್ಟರು. ಅಮೆರಿಕೆಯ ಅಂಚೆ ಇಲಾಖೆ ಸುಮ್ಮನಿರಲಿಲ್ಲ, ನಮ್ಮ ಹೆಸರನ್ನು ನೀವು ಹೇಗೆ ಬಳಸುತ್ತೀರಿ ಎಂದು ನೋಟಿಸು ಕಳುಹಿಸಿತು. ಆದರೆ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ರಾಜಿಯಾಯಿತು. ಹೆಸರು ಉಳಿಸಿಕೊಳ್ಳಿ, ನಮ್ಮ ಅಂಚೆಗೆ ಸ್ವಲ್ಪ ಪ್ರಚಾರ ಕೊಡಿ ಎಂದರು. 2004ರ ನವೆಂಬರಿನಲ್ಲಿ ಅಂಚೆ ಅಧಿಕಾರಿಗಳ ಸಮ್ಮೇಳನದಲ್ಲೇ ಇವರು ಹಾಡಿದರು. ಆ ಸಂಪುಟ ಮುಂದೆ ಹತ್ತು ಲಕ್ಷಕ್ಕೂ ಮಿಕ್ಕಿ ಹೋಯಿತು. ದಾವೆಗಿಂತ ಒಪ್ಪಂದ ಲಾಭವೆಂಬುದು ವ್ಯಾಪಾರಿಗಳಿಗೆ ಹೇಳಿಕೊಡಬೇಕಾದ ಪಾಠವಲ್ಲ, ಆದರೂ ನೆನಪಿಸಿಕೊಳ್ಳಬೇಕಾದ ಪಾಠ.

ಇನ್ನೊಂದು ಉದಾಹರಣೆ ಮನಸ್ಸನ್ನು ತಟ್ಟುವಂಥದು. ನ್ಯಾಟ್ ಕಿಂಗ್ ಕೋಲ್ ಎಂಬ ಪ್ರಸಿದ್ಧ ಗಾಯಕರು 1965ರಲ್ಲಿ ತೀರಿಕೊಂಡರು. 1991ರಲ್ಲಿ ಅವರ ಮಗಳು ನಟಾಲಿ ಕೋಲ್ ತಂದೆಯ ಹಳೆಯ ಧ್ವನಿಮುದ್ರಿಕೆಗೆ ತನ್ನ ದನಿ ಸೇರಿಸಿ ಯುಗಳಗೀತೆ ಮಾಡಿದರು. ತಂದೆ ಹೋಗಿ 26 ವರ್ಷಗಳ ಮೇಲೆ ತಂದೆ ಮಗಳು ಕೂಡಿ ಹಾಡಿದಂತಾಯಿತು.

ಕೂಡಿ ಹಾಡಲು ಫೋನು ಸಾಲದೇ?

ನೀವು ಕೇಳಬಹುದು: ಈಗ ವಿಡಿಯೋ ಕರೆ ಇದೆಯಲ್ಲ, ಎಲ್ಲರೂ ಒಂದೇ ಹೊತ್ತಿಗೆ ಫೋನಿನ ಮುಂದೆ ಕುಳಿತು ಹಾಡಿದರಾಯಿತು, ಈ ಕಳುಹಿಸುವ ತರಿಸುವ ಗೊಡವೆ ಏಕೆ? ಇದೇ ಪ್ರಶ್ನೆಯನ್ನು ನಾನೂ ಮಗನಿಗೆ ಹಾಕಿದೆ. ಅವನು ಪುಣೆಯಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಅವನು ಹೇಳಿದ ಲೆಕ್ಕ ಹೀಗಿದೆ.

ಶಬ್ದ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಿಮ್ಮಿಂದ ಹತ್ತು ಮೀಟರ್ ದೂರ ಕುಳಿತವರ ತಾಳ ನಿಮ್ಮ ಕಿವಿಗೆ ಬರಲು ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಸುಮಾರು 30 ಭಾಗ ಬೇಕು. ಅಷ್ಟರ ತನಕ ವಾದಕರಿಗೆ ಅಡ್ಡಿಯಾಗುವುದಿಲ್ಲ. ಅದಕ್ಕಿಂತ ಹೆಚ್ಚು ತಡವಾದರೆ ಇವರು ಅವರಿಗಾಗಿ ಕಾಯುತ್ತಾರೆ, ಅವರು ಇವರಿಗಾಗಿ ಕಾಯುತ್ತಾರೆ, ಲಯ ಜಗ್ಗುತ್ತ ಜಗ್ಗುತ್ತ ನಿಂತೇ ಹೋಗುತ್ತದೆ. ವಿಡಿಯೋ ಕರೆಯಲ್ಲಿ ಮಾತು ಬರುವುದಕ್ಕೆ ಇದರ ಹಲವು ಪಟ್ಟು ಸಮಯ ಹಿಡಿಯುವುದು ಸಾಮಾನ್ಯ. ಮಾತನಾಡುವಾಗ ನಮಗೆ ಅದು ಗೊತ್ತಾಗುವುದಿಲ್ಲ, ತಾಳ ಹಾಕಿದರೆ ಕೂಡಲೇ ಗೊತ್ತಾಗುತ್ತದೆ. ಬೆಳಕು ಕೂಡ ಗಾಜಿನ ತಂತಿಯೊಳಗೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಮಾತ್ರ ಓಡುತ್ತದೆ. ಪುಣೆಯಿಂದ ಕ್ಯಾಲಿಫೋರ್ನಿಯಾ 13 ಸಾವಿರ ಕಿಲೋಮೀಟರಿಗೂ ಹೆಚ್ಚು. ಯಂತ್ರ ಎಷ್ಟು ಒಳ್ಳೆಯದಿದ್ದರೂ ಆ ದೂರಕ್ಕೆ ಒಂದು ಕಡೆಗೇ 65 ಭಾಗಕ್ಕಿಂತ ಕಡಿಮೆ ಹಿಡಿಯಲಾರದು.

ಹಾಗಾಗಿ ಒಬ್ಬರಾದ ಮೇಲೆ ಒಬ್ಬರು ನುಡಿಸುವುದೇ ಸರಿಯಾದ ಉಪಾಯ. ಬಂದಿರುವ ಭಾಗವನ್ನು ಕಿವಿಯಲ್ಲಿ ಕೇಳುತ್ತ ನಮ್ಮ ಭಾಗವನ್ನು ಸೇರಿಸಿದರೆ, ದಾರಿಯಲ್ಲಿ ಹಿಡಿದ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಅದು ಒಂದು ಕ್ಷಣವಾದರೂ ಸರಿ, ಮೂರು ದಿನವಾದರೂ ಸರಿ. 2010ರಲ್ಲಿ ಎರಿಕ್ ವಿಟಕರ್ ಎಂಬ ಅಮೆರಿಕೆಯ ಸಂಗೀತಗಾರರು ಬರಿದೇ ಕ್ಯಾಮರಾದ ಮುಂದೆ ನಿಂತು ಮೌನವಾಗಿ ಕೈಯಾಡಿಸಿ ಚಿತ್ರ ತೆಗೆಸಿದರು. 12 ದೇಶಗಳ 185 ಜನ ಆ ಕೈ ನೋಡುತ್ತ ತಮ್ಮ ತಮ್ಮ ಮನೆಯಲ್ಲಿ ಹಾಡಿ ಕಳುಹಿಸಿದರು. ಎಲ್ಲವನ್ನೂ ಕೂಡಿಸಿದಾಗ ಅದು ಒಂದು ದೊಡ್ಡ ಮೇಳವಾಯಿತು.

ನಮ್ಮ ತವರುಮನೆಯ ಪೇಟಿ ಮತ್ತು ತಬಲಾ

ಇನ್ನು ನಮ್ಮ ಮನೆಯ ಮಾತು. ನನ್ನ ತವರು ಜತ್. ಅಪ್ಪ ಕಾಳುಕಡಿ ವ್ಯಾಪಾರಸ್ಥರು. ಅಂಗಡಿ ಬಾಗಿಲು ಹಾಕಿದ ಮೇಲೆ ಅವರ ಕೈಗೆ ಪೇಟಿ ಬಾರದ ದಿನವೇ ಇರಲಿಲ್ಲ. ಅಣ್ಣ ಅವರಿಂದ ಪೇಟಿ ಕಲಿತ, ತಮ್ಮ ತಬಲಾ ಕಲಿತ. ದಶಲಕ್ಷಣ ಪರ್ವದ ಹತ್ತು ದಿನವೂ ಸಂಜೆ ಬಸದಿಯಲ್ಲಿ ನಮ್ಮ ಮನೆಯವರ ಭಜನೆ ಎಂದರೆ ಊರಿಗೆ ಗೊತ್ತಿದ್ದ ಮಾತು.

2006ರಲ್ಲಿ ಅಪ್ಪ ಹೋದರು. ಎರಡು ವರ್ಷಕ್ಕೆ ಮನೆ ಪಾಲಾಯಿತು. ಯಾರದು ಸರಿ, ಯಾರದು ತಪ್ಪು ಎಂಬುದನ್ನು ಬರೆಯುವ ಜಾಗ ಇದಲ್ಲ. ಪಾಲಾದ ಮನೆಗಳು ನಮ್ಮಲ್ಲಿ ಬಹಳ ಇವೆ, ಓದುವವರಿಗೆ ವಿವರ ಬೇಕಾಗಿಲ್ಲ. ಹಿರಿಯರು ಕುಳಿತು ತೂಕ, ತಕ್ಕಡಿ, ಗಾದಿ, ಬಾಕಿ ಎಲ್ಲವನ್ನೂ ಬರೆದರು. ಕೊನೆಯ ಸಾಲಿನಲ್ಲಿ 'ಪೇಟಿ ಹಿರಿಯವನಿಗೆ, ತಬಲಾ-ಡಗ್ಗಾ ಕಿರಿಯವನಿಗೆ' ಎಂದು ಬರೆದರು. ತಮ್ಮ ಹುಬ್ಬಳ್ಳಿಗೆ ಹೋಗಿ ಕಬ್ಬಿಣದ ಸಾಮಾನಿನ ಅಂಗಡಿ ಹಾಕಿದ. ಅವ್ವ ಜತ್ತಿನಲ್ಲಿ ಅಣ್ಣನ ಹತ್ತಿರ ಉಳಿದಳು. ತಮ್ಮ ಅವ್ವನನ್ನು ನೋಡಲು ಬರುತ್ತಿದ್ದ, ಆದರೆ ಅಣ್ಣ ಅಂಗಡಿಯಲ್ಲಿರುವ ಹೊತ್ತು ನೋಡಿ ಬರುತ್ತಿದ್ದ. ಹನ್ನೆರಡು ವರ್ಷ ಅವರಿಬ್ಬರ ನಡುವೆ ಮಾತಿರಲಿಲ್ಲ. ಬಸದಿಯಲ್ಲಿ ಅಣ್ಣ ಪೇಟಿ ನುಡಿಸುವಾಗ ತಬಲಾಕ್ಕೆ ಬೇರೆ ಹುಡುಗನೊಬ್ಬ ಕೂಡುತ್ತಿದ್ದ.

2020ರ ಭಾದ್ರಪದ ಬಂತು. ರೋಗದ ಭಯದಿಂದ ಮಹಾರಾಷ್ಟ್ರದಲ್ಲಿ ಬಸದಿ, ಗುಡಿ, ಮಸೀದಿ ಎಲ್ಲವೂ ಮುಚ್ಚಿದ್ದವು. ಅವು ತೆರೆದದ್ದು ಆ ವರ್ಷದ ನವೆಂಬರಿನಲ್ಲಿ. ಅವ್ವನಿಗೆ ಆಗ 86 ವರ್ಷ. ಫೋನಿನಲ್ಲಿ ದಿನವೂ ಅದೇ ಕೇಳುತ್ತಿದ್ದಳು: "ಈ ವರ್ಷ ಭಜನಿ ಇಲ್ಲೇನವಾ?"

ಮಗ ಹೇಳಿದ, "ಅಮ್ಮಾ, ಎಲ್ಲಾರ ಕಡಿಂದ ಒಂದೊಂದು ಭಾಗ ತರಿಸಿ ನಾನು ಕೂಡಿಸ್ತೀನಿ. ದೊಡ್ಡ ಮಾಮಾಗೂ ಸಣ್ಣ ಮಾಮಾಗೂ ನೀನ ಕೇಳು." ನಾನು ಇಬ್ಬರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ಅವ್ವನಿಗಾಗಿ, ಇನ್ನೊಬ್ಬನೂ ಇದರಲ್ಲಿ ಇರುತ್ತಾನೆ ಎಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು "ಅವ್ವಗಂದ್ರ ಆಗಲಿ" ಎಂದ. ತಮ್ಮ "ಮೊದಲ ಕಳಸು, ನೋಡೂಣು" ಎಂದ.

ಯಾರು ಮೊದಲು ನುಡಿಸಬೇಕು? ಇಂಥ ಮನೆಯಲ್ಲಿ ಇದೇ ಒಂದು ಜಗಳವಾಗಬಹುದಿತ್ತು. ಆದರೆ ಅದಕ್ಕೆ ವಾದ್ಯಗಳೇ ಉತ್ತರ ಕೊಟ್ಟವು. ಪೇಟಿಯ ಶ್ರುತಿಯನ್ನು ಕುಳಿತಲ್ಲೇ ಬದಲಿಸಲು ಬರುವುದಿಲ್ಲ. ಅಪ್ಪನ ಹಳೆಯ ಪೇಟಿಯ ಕಪ್ಪು ಎರಡು ಎಲ್ಲಿ ನಿಂತಿದೆಯೋ ಅಲ್ಲೇ ನಿಂತಿದೆ. ತಬಲಾವನ್ನಾದರೋ ಗಟ್ಟಾಗಳಿಗೆ ಸುತ್ತಿಗೆಯಿಂದ ಬಡಿದು ಅದಕ್ಕೆ ಹೊಂದಿಸಿಕೊಳ್ಳಬಹುದು. ಹಾಡುವವರ ಕೊರಳಂತೂ ಎತ್ತ ಬೇಕಾದರೂ ಬಗ್ಗುತ್ತದೆ. ಆದ್ದರಿಂದ ಬಗ್ಗದ್ದು ಮೊದಲು, ಬಗ್ಗುವುದು ಆಮೇಲೆ. ಇದರಲ್ಲಿ ಹಿರಿತನದ ಪ್ರಶ್ನೆಯೇ ಬರಲಿಲ್ಲ.

ಲಯ ಹಿಡಿಯಲು ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಇಟ್ಟುಕೊಳ್ಳಿ ಎಂದು ಮಗ ಹೇಳಿದ್ದ. ಅಣ್ಣ ಒಪ್ಪಲಿಲ್ಲ. "ಗಡಿಯಾರದ ಜೋಡಿ ಭಜನಿ ಆಗೂದಿಲ್ಲೋ" ಎಂದ. ಕೊನೆಗೆ ಒಂದು ಚಪ್ಪಾಳೆ ಹೊಡೆದು, ಎಂಟು ಮಾತ್ರೆ ಬಾಯಿಂದ ಎಣಿಸಿ ಆರಂಭಿಸಿದ. ಆ ಚಪ್ಪಾಳೆಯೇ ಗುರುತು. ಮುಂದೆ ಎಲ್ಲರೂ ಅದೇ ಚಪ್ಪಾಳೆಗೆ ತಮ್ಮ ಚಪ್ಪಾಳೆ ಹೊಂದಿಸಿದರೆ, ಕೂಡಿಸುವವನಿಗೆ ಎಲ್ಲ ಭಾಗಗಳನ್ನೂ ಒಂದೇ ಗೆರೆಗೆ ತರುವುದು ಸುಲಭ.

ಆ ಪೇಟಿಯ ಭಾಗವನ್ನು ಮಗ ಹುಬ್ಬಳ್ಳಿಗೆ ಕಳುಹಿಸಿದ. ಸಂಜೆ ತಮ್ಮನ ಫೋನು ಬಂತು.

"ಅಕ್ಕಾ, ಇದು ಅಪ್ಪನ ಪೇಟಿ ಅಲ್ಲೇನ?"

"ಹೌದಪಾ."

"ಆ ಮಂದ್ರದ ಪಟ್ಟಿ ಇನ್ನೂ ಹಂಗ ಟಕ್ ಅಂತದ ನೋಡು."

ಅಷ್ಟೇ ಹೇಳಿ ಇಟ್ಟ. ಆಮೇಲೆ ಮೂರು ದಿನ ಸುದ್ದಿಯಿಲ್ಲ. ನಾನೂ ಕೇಳಲಿಲ್ಲ, ಮಗನಿಗೂ ಕೇಳಬೇಡ ಎಂದೆ. ನಾಲ್ಕನೆಯ ದಿನ ತಬಲಾ ಬಂತು. ಅವನ ಹೆಂಡತಿ ನನಗೆ ಆಮೇಲೆ ಹೇಳಿದಳು: ಆ ಮೂರೂ ದಿನ ಅವನು ಅಂಗಡಿಯ ಶಟರ್ ಇಳಿಸಿದ ಮೇಲೆ ಹಿಂದಿನ ಗೋದಾಮಿನಲ್ಲಿ ಮೊಳೆಯ ಚೀಲಗಳ ನಡುವೆ ಕುಳಿತು ಅದನ್ನೇ ಕೇಳುತ್ತಿದ್ದನಂತೆ, ಕೇಳಿ ಕೇಳಿ ನುಡಿಸುತ್ತಿದ್ದನಂತೆ.

ಅಣ್ಣನಿಗೆ ಒಂದು ಅಭ್ಯಾಸ. ಪಲ್ಲವಿಗೆ ಮರಳುವ ಮುನ್ನ ಒಂದು ಸ್ವರದ ಮೇಲೆ ಅರೆ ಮಾತ್ರೆ ಹೆಚ್ಚು ನಿಲ್ಲುತ್ತಾನೆ. ಅದು ಅಪ್ಪನಿಂದ ಬಂದದ್ದು. ಯಾವ ಗಡಿಯಾರವೂ ಅಲ್ಲಿ ಅವನಿಗಾಗಿ ನಿಲ್ಲಲಾರದು. ಬಸದಿಯಲ್ಲಿ ಜತೆಗೆ ಕೂಡುತ್ತಿದ್ದ ಹುಡುಗ ಪ್ರತಿ ಸಾರಿ ಅಲ್ಲಿ ಎಡವುತ್ತಿದ್ದ. ತಮ್ಮನ ತಬಲಾ ಅಲ್ಲಿ ನಿಂತಿತು. ಬರೇ ಡಗ್ಗಾದ ಮೇಲೆ ಅಂಗೈ ಒತ್ತಿ ಒಂದು ಗುಂಯ್ ಎನ್ನಿಸಿ, ಅಣ್ಣ ಬಂದ ಕೂಡಲೇ ಸಮಕ್ಕೆ ಬಿದ್ದಿತು. ಪ್ರತಿ ಸಾರಿಯೂ ಹಾಗೇ.

ಕೂಡಿಸಿದ್ದನ್ನು ಮಗ ಅಣ್ಣನಿಗೆ ಕಳುಹಿಸಿದ. ಅಣ್ಣ ಏನೆನ್ನುತ್ತಾನೋ ಎಂದು ನಾವು ಕಾದೆವು. ರಾತ್ರಿ ಅವನು ಮಗನಿಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ಡಗ್ಗಾ ಸ್ವಲ್ಪ ಮುಂದ ತಾ. ನನ್ನ ಪೇಟಿ ಜೋರ ಆಗೇದ. ನಾ ನಾಳೆ ಮತ್ತೊಮ್ಮೆ ನುಡಿಸಿ ಕೊಡ್ತೀನಿ." ಮರುದಿನ ತಮ್ಮನ ತಬಲಾವನ್ನು ಕಿವಿಯಲ್ಲಿ ಇಟ್ಟುಕೊಂಡು ಅಣ್ಣ ಪೇಟಿಯನ್ನು ಹೊಸದಾಗಿ ನುಡಿಸಿದ. ಮೊದಲನೆಯದರಲ್ಲಿ ಒಬ್ಬನೇ ಕುಳಿತವನ ಬಿಗಿ ಇತ್ತು. ಎರಡನೆಯದರಲ್ಲಿ ಅದು ಇರಲಿಲ್ಲ. ಕಿವಿ ಇದ್ದ ಯಾರಿಗೂ ಅದು ತಿಳಿಯುತ್ತದೆ.

ಆಮೇಲೆ ನಾವು ಹೆಂಗಸರು ಹಾಡಿದೆವು. ಜತ್ತಿನಲ್ಲಿ ವೈನಿ, ಅಕ್ಕಲಕೋಟೆಯಲ್ಲಿ ನಾನು, ಹುಬ್ಬಳ್ಳಿಯಲ್ಲಿ ತಮ್ಮನ ಹೆಂಡತಿ, ಹೊಸೂರಿಗೆ ಕೊಟ್ಟಿರುವ ಚಿಕ್ಕಪ್ಪನ ಮಗಳು. ಒಬ್ಬರ ಹಾಡಿನಲ್ಲಿ ಬೀದಿನಾಯಿ, ನನ್ನ ಹಾಡಿನಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿ. ನಾಯಿಯನ್ನು ಮಗ ತೆಗೆದ, ಸೀಟಿ ನನ್ನ ದನಿಯ ಜತೆಯೇ ಬೆರೆತಿದ್ದರಿಂದ ತೆಗೆಯಲಾಗಲಿಲ್ಲ. ಅದು ಇಂದಿಗೂ ಅದರಲ್ಲಿದೆ.

ಪರ್ವದ ಕೊನೆಯ ಸಂಜೆ ವೈನಿ ಅವ್ವನ ಹಾಸಿಗೆಯ ಹತ್ತಿರ ಅದನ್ನು ಹಚ್ಚಿದಳು. ಅವ್ವ ಕಣ್ಣು ಮುಚ್ಚಿ ಕೇಳಿದಳಂತೆ. ತಬಲಾ ಬಂದ ಕೂಡಲೇ ಕಣ್ಣು ತೆರೆದು ಬಾಗಿಲ ಕಡೆ ನೋಡಿ, "ಇಬ್ರೂ ಬಂದಾರೇನ?" ಎಂದಳಂತೆ. ವೈನಿ "ಹೌದ್ರಿ ಅತ್ತಿ, ಇದರಾಗ ಇಬ್ರೂ ಅದಾರ" ಎಂದಳಂತೆ. ಅವ್ವ ಅದನ್ನು ಮತ್ತೆ ಹಚ್ಚಿಸಿದಳು, ಮತ್ತೂ ಹಚ್ಚಿಸಿದಳು. 2022ರಲ್ಲಿ ಅವಳು ಹೋಗುವವರೆಗೆ ಸಂಜೆಯ ಹೊತ್ತು ಅದು ಆ ಮನೆಯಲ್ಲಿ ಕೇಳದ ದಿನ ಕಡಿಮೆ.

ಎರಡು ಖಾತೆ

ಇದರಿಂದ ಅಣ್ಣ ತಮ್ಮಂದಿರ ಜಗಳ ತೀರಿತೇ? ನಿಜ ಹೇಳಬೇಕೆಂದರೆ, ತೀರಿಲ್ಲ. ಪಾಲಿನ ಒಂದೆರಡು ಮಾತು ಇಂದಿಗೂ ಹಾಗೇ ಬಾಕಿ ಇವೆ. ಆದರೆ ಪ್ರತಿ ವರ್ಷ ಭಾದ್ರಪದ ಸಮೀಪಿಸಿದಾಗ ಜತ್ತಿನಿಂದ ಹುಬ್ಬಳ್ಳಿಗೆ ಪೇಟಿ ಹೋಗುತ್ತದೆ, ಹುಬ್ಬಳ್ಳಿಯಿಂದ ಜತ್ತಿಗೆ ತಬಲಾ ಬರುತ್ತದೆ. ಮೊದಲ ಎರಡು ವರ್ಷ ಮಗನ ಮೂಲಕ ಹೋಗುತ್ತಿತ್ತು. ಮೂರನೆಯ ವರ್ಷದಿಂದ ನೇರವಾಗಿ ಹೋಗುತ್ತಿದೆ. ಜತೆಗೆ ಒಂದೆರಡು ಮಾತೂ ಇರುತ್ತವೆ: ಲಯ ಸ್ವಲ್ಪ ಇಳಿಸು, ಅಂತರಾದಲ್ಲಿ ತಬಲಾ ಬೇಡ. ಹನ್ನೆರಡು ವರ್ಷ ಮಾತಿಲ್ಲದ ಅಣ್ಣ ತಮ್ಮಂದಿರಿಗೆ ಇವು ಸಣ್ಣ ಮಾತುಗಳಲ್ಲ.

ವ್ಯಾಪಾರಸ್ಥರಾದ ನಾವು ಒಂದು ಸಂಗತಿ ಬಲ್ಲೆವು. ಒಬ್ಬ ಗಿರಾಕಿಯ ಹಳೆಯ ಬಾಕಿ ಬರಲಿಲ್ಲವೆಂದು ಅವನ ಜತೆಗಿನ ಎಲ್ಲ ವ್ಯವಹಾರವನ್ನೂ ಕಡಿಯುವುದಿಲ್ಲ. ಹಳೆಯ ಖಾತೆಯನ್ನು ಒಂದು ಕಡೆ ಇಟ್ಟು, ಹೊಸ ಪುಟ ತೆರೆದು, ರೋಖ ವ್ಯವಹಾರ ನಡೆಸುತ್ತೇವೆ. ಹೊಸ ಪುಟ ಚೆನ್ನಾಗಿ ನಡೆದರೆ ಹಳೆಯ ಬಾಕಿಯೂ ಎಂದೋ ಒಂದು ದಿನ ಬರುತ್ತದೆ. ಬಾರದಿದ್ದರೂ ಹೊಸ ಪುಟದ ಲಾಭ ಲಾಭವೇ. ಮನೆತನದಲ್ಲಿ ಮಾತ್ರ ಈ ಬುದ್ಧಿ ನಮಗೆ ಹೊಳೆಯುವುದಿಲ್ಲ. ಹಳೆಯದು ತೀರುವ ತನಕ ಹೊಸ ಪುಟವೇ ಬೇಡ ಎನ್ನುತ್ತೇವೆ. ಕ್ಷಮಾವಣಿಯ ದಿನ ಊರಿಗೆಲ್ಲ ಕೈಮುಗಿದು, ಒಡಹುಟ್ಟಿದವರ ಮನೆಯ ಮುಂದೆ ಮಾತ್ರ ತಲೆ ತಗ್ಗಿಸಿ ಹೋಗುವವರು ಎಷ್ಟಿಲ್ಲ?

ಇದನ್ನು ಒಪ್ಪದವರೂ ಇದ್ದಾರೆ. 1993ರಲ್ಲಿ ಅಮೆರಿಕೆಯ ಹಿರಿಯ ಗಾಯಕ ಫ್ರಾಂಕ್ ಸಿನಾಟ್ರಾ ತಮ್ಮ 77ನೆಯ ವಯಸ್ಸಿನಲ್ಲಿ ಯುಗಳಗೀತೆಗಳ ಸಂಪುಟ ಮಾಡಿದರು. ಜತೆಗೆ ಹಾಡಿದವರು ಅವರೊಡನೆ ಒಂದೇ ಕೋಣೆಯಲ್ಲಿ ನಿಂತು ಹಾಡಲಿಲ್ಲ. ಕೆಲವರ ದನಿ ದೂರದ ಊರುಗಳಿಂದ ತಂತಿಯ ಮೇಲೆ ಬಂತು. ಅದು ಲಕ್ಷಾಂತರ ಮಾರಾಟವಾಯಿತು, ಆದರೆ ಒಬ್ಬರ ಕಣ್ಣು ಒಬ್ಬರು ನೋಡದೆ ಹಾಡಿದ್ದು ಎಂಥ ಯುಗಳಗೀತೆ ಎಂದು ವಿಮರ್ಶಕರು ಆಕ್ಷೇಪಿಸಿದರು. ಆ ಮಾತಿನಲ್ಲಿ ಸತ್ಯವಿದೆ. ಎದುರು ಕುಳಿತು ಹಾಡುವುದಕ್ಕೆ ಯಾವುದೂ ಸಮವಲ್ಲ. ಕೂಡಿ ಕೂಡಲು ಸಾಧ್ಯವಿರುವವರು ಕೂಡಿಯೇ ಹಾಡಬೇಕು. ಆದರೆ ಕೂಡಲು ಆಗದವರಿಗೆ ಏನು ಹೇಳೋಣ? ಎದುರು ಕುಳಿತಾಗ ಒಬ್ಬರ ತಪ್ಪು ಹುಡುಕುವ ಮನಸ್ಸು, ದೂರ ಕುಳಿತು ಕಿವಿಗೊಟ್ಟಾಗ ಹೊಂದಿಕೊಳ್ಳುವ ದಾರಿ ಹುಡುಕುತ್ತದೆ. ಈ ಪದ್ಧತಿಯಲ್ಲಿ ಮೊದಲ ಕೆಲಸವೇ ಕೇಳುವುದು. ಹತ್ತು ಸಾರಿ ಕೇಳದೆ ನಮ್ಮದೊಂದು ಪೆಟ್ಟೂ ಸೇರಿಸಲು ಬರುವುದಿಲ್ಲ. ಅವನು ನುಡಿಸುವಾಗ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಎಷ್ಟೋ ಮನೆಗಳ ಜಗಳದಲ್ಲಿ ಇಷ್ಟೇ ಕೊರತೆಯಾಗಿರುತ್ತದೆ.

ಮನೆಯಲ್ಲಿ ಮಾಡಿ ನೋಡುವವರಿಗೆ

ನಮ್ಮ ಸಮಾಜದ ಮನೆಗಳು ಇಂದು ಹತ್ತೂರಿಗೆ ಹಂಚಿಹೋಗಿವೆ. ಅಣ್ಣ ಅಕ್ಕಲಕೋಟೆಯಲ್ಲಿ, ತಂಗಿ ಕಾಸರಗೋಡಿನಲ್ಲಿ, ಮಗ ಹೈದರಾಬಾದಿನಲ್ಲಿ, ಮೊಮ್ಮಗಳು ಸಮುದ್ರದಾಚೆ. ಮಾಡಿ ನೋಡಬೇಕೆನ್ನುವವರಿಗಾಗಿ ನಾವು ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಎರಡು ಫೋನು ಇರಲಿ. ಒಂದರಲ್ಲಿ ಬಂದ ಭಾಗವನ್ನು ಕಿವಿಗೆ ಹಾಕಿಕೊಂಡು ಕೇಳಿರಿ, ಇನ್ನೊಂದರಲ್ಲಿ ನಿಮ್ಮದನ್ನು ಮುದ್ರಿಸಿರಿ. ಕಿವಿಗೆ ಹಾಕಿಕೊಳ್ಳದೆ ಜೋರಾಗಿ ಹಚ್ಚಿದರೆ ಅವರ ದನಿ ನಿಮ್ಮದರೊಳಗೆ ನುಸುಳುತ್ತದೆ, ಆಮೇಲೆ ಬೇರ್ಪಡಿಸುವುದು ಕಷ್ಟ. ಆ ಕಿವಿಯದು ತಂತಿಯಿದ್ದದ್ದೇ ಆಗಿರಲಿ, ತಂತಿಯಿಲ್ಲದವುಗಳಲ್ಲಿ ಶಬ್ದ ತಡವಾಗಿ ಬರುತ್ತದೆ. ಶ್ರುತಿ ಬದಲಿಸಲಾಗದ ವಾದ್ಯ ಮೊದಲು, ಆಮೇಲೆ ತಾಳವಾದ್ಯ, ಕೊನೆಗೆ ಕಂಠ. ಕೋಣೆಯಲ್ಲಿ ಪಂಖಾ ನಿಲ್ಲಿಸಿ, ಗೋಡೆಯ ಕಡೆ ನಾಲ್ಕು ಚಾದರ ತೂಗುಹಾಕಿ, ಪ್ರತಿಧ್ವನಿ ಕಡಿಮೆಯಾಗುತ್ತದೆ. ಚಾದರಕ್ಕೆ ನಮ್ಮ ಮನೆಗಳಲ್ಲಿ ಬರವಿಲ್ಲ. ಮುದ್ರಿಸಿದ್ದನ್ನು ವಾಟ್ಸಪ್ಪಿನ ಧ್ವನಿ ಸಂದೇಶವಾಗಿ ಕಳುಹಿಸಬೇಡಿ, ಅದು ದನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿರಿ. ಕೂಡಿಸುವ ಕೆಲಸವನ್ನು ಮನೆಯ ಕಿರಿಯರಿಗೆ ಬಿಡಿ, ಅವರಿಗೆ ಅದು ಆಟ. ಹಿರಿಯರ ಹಾಡು ಈ ನೆಪದಲ್ಲಿ ನೂರು ಸಾರಿ ಅವರ ಕಿವಿಗೆ ಬೀಳುತ್ತದೆ, ಅದು ನಿಮಗೆ ಸಿಗುವ ಬಡ್ಡಿ.

ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ತಡಮಾಡದೆ ಕಂಪ್ಯೂಟರಿಗೆ ಇಳಿಸಿಡಿ. ಕ್ಯಾಸೆಟ್ಟಿಗೆ ಬೂಸಲು ಹಿಡಿಯುತ್ತದೆ, ಪಟ್ಟಿ ಅಂಟಿಕೊಳ್ಳುತ್ತದೆ. ಅಜ್ಜನ ದನಿಯ ಜತೆಗೆ ಮೊಮ್ಮಗಳು ಹಾಡುವ ದಿನ ನಿಮ್ಮ ಮನೆಗೂ ಬರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು, ಯಾರಾದರೂ ಒಬ್ಬರು ಮೊದಲು ನುಡಿಸಿ ಕಳುಹಿಸಬೇಕು. ಆಚೆ ಕಡೆಯವರು ಸೇರಿಸುತ್ತಾರೋ ಇಲ್ಲವೋ ಎಂದು ಕಾದು ಕುಳಿತರೆ ಪೇಟಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಒಂದು ಚಪ್ಪಾಳೆ ಹೊಡೆಯಿರಿ, ಎಂಟು ಮಾತ್ರೆ ಎಣಿಸಿರಿ, ಆರಂಭಿಸಿರಿ. ಉತ್ತರಕ್ಕೆ ಮೂರು ದಿನ ಹಿಡಿದರೆ ಹಿಡಿಯಲಿ.